ಮೋರ್ಸ್ ಕೂಡಿಟ್ಟ ಜಪಾನ್

ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ 1877ರಲ್ಲಿ ಜಪಾನಿಗೆ ಹೋದದ್ದು ಬ್ರಾಕಿಯೊಪಾಡ್ ಎಂಬ ಕಡಲಜೀವಿಗಳ ಅಧ್ಯಯನಕ್ಕೆ. ಯೊಕೊಹಾಮಾದಿಂದ ಟೋಕಿಯೊಗೆ ಹೋಗುವ ರೈಲಿನ ಕಿಟಕಿಯಲ್ಲಿ ಒಮೊರಿಯ ಚಿಪ್ಪಿನ ದಿಬ್ಬ (ಹಿಂದಿನ ಕಾಲದ ಜನ ತಿಂದೆಸೆದ ಚಿಪ್ಪುಗಳ ರಾಶಿ) ಕಂಡಿತು. ಅಗೆದಾಗ ಹುರಿಯ ಅಚ್ಚೊತ್ತಿದ ಹಳೆಯ ಮಡಕೆಗಳು ಸಿಕ್ಕವು. ಆಮೇಲೆ ಅವರು ಜನರ ದಿನಬಳಕೆಯ ವಸ್ತುಗಳನ್ನೂ ಕೂಡಿಡತೊಡಗಿದರು. ಅವರ ಮಡಕೆ ಕುಡಿಕೆಗಳ ದೊಡ್ಡ ಸಂಗ್ರಹ 1892ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಸೇರಿತು. ಮನೆಬಳಕೆಯ ಸಾಮಾನು ಅಮೆರಿಕದ ಸೇಲಂ ಊರಿನ ಈಗಿನ ಪೀಬಡಿ ಎಸೆಕ್ಸ್ ಸಂಗ್ರಹಾಲಯದಲ್ಲಿದೆ. ನನ್ನ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಇದೇ, ಏಕೆಂದರೆ ಸವೆದ ಚಪ್ಪಲಿಯನ್ನು ಯಾರೂ ಎತ್ತಿಡುವುದಿಲ್ಲ.

ಇಂಥ ವಸ್ತುಗಳನ್ನು ಕಾಯುವುದು ಕಷ್ಟ. ಜಪಾನಿನಲ್ಲಿ ಮರದ ಸಾಮಾನಿಗೆ ಬಳಿಯುವ ಉರುಶಿ ಮೆರುಗು ನಮ್ಮ ಚನ್ನಪಟ್ಟಣದ ಅರಗಿನಂತೆ ಕೀಟದಿಂದ ಬಂದದ್ದಲ್ಲ, ಮರದ ಹಾಲು. ಬೆಳಕು ತಾಗಿದರೆ ಅದರ ಮೇಲ್ಪದರ ಮಂಕಾಗುತ್ತದೆ. ಆಮೇಲೆ ಒದ್ದೆ ಬಟ್ಟೆ, ಬೆರಳಿನ ಬೆವರು ಸಹ ಅಳಿಸಲಾಗದ ಕಲೆ ಬಿಡುತ್ತವೆ. ಆದ್ದರಿಂದ ಬೆಳಕು 50 ಲಕ್ಸ್ (ಬೆಳಕಿನ ಅಳತೆಮಾನ) ಮೀರಬಾರದು, ಮುಟ್ಟುವಾಗ ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸು ಬೇಕು. ತೇವಾಂಶ ಸುಮಾರು ಶೇ. 50–55 ಇರಲಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆ ಒಣಗಿದರೆ ಒಳಗಿನ ಮರ ಕುಗ್ಗಿ, ಮೆರುಗು ಹಕ್ಕಳೆಯಾಗಿ ಏಳುತ್ತದೆ.

ಹುಲ್ಲಿನ ಚಪ್ಪಲಿಗೆ ಹುಳುವಿನ ಕಾಟ. ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ: ತಣ್ಣಗಿನ ಹುಲ್ಲಿನ ಮೇಲೆ ನೀರು ಹನಿಗಟ್ಟಿ ಬೂಷ್ಟು ಹಿಡಿಯುತ್ತದೆ. ಉರುಶಿ ಬಳಿದ ಮರಕ್ಕೆ ಮಾತ್ರ ಈ ವಿಧಾನ ಬೇಡ, ಪದರ ಬಿರಿಯಬಹುದು.