ಹೊಡೆಯೋಣ ಅಂದರೆ ಮುಖವೇ ಇಲ್ಲದ ವಿಲನ್

ಟೆಕ್ಸಾಸ್‌ನ ಲಬಕ್‌ನಲ್ಲಿ ನಮ್ಮ ಪಕ್ಕದ ಮನೆಯ ತಾತ ಹಿಂದೆ ದನ ಸಾಕಿ ಬದುಕಿದವರು. ಮೊನ್ನೆ ನಮ್ಮನೆಯಲ್ಲಿ ಕೂತು 2016ರ 'ಹೆಲ್ ಆರ್ ಹೈ ವಾಟರ್' ಸಿನಿಮಾ ನೋಡಿದರು. ಕಥೆ ಪಶ್ಚಿಮ ಟೆಕ್ಸಾಸ್‌ನದು, ಚಿತ್ರೀಕರಣ ನ್ಯೂ ಮೆಕ್ಸಿಕೋದಲ್ಲಿ. ತಾತನಿಗೆ ಅದೇ ಮೊದಲ ಮುನಿಸು.

ಒಂದು ದೃಶ್ಯದಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದಿದೆ. ದನಗಳನ್ನು ರಸ್ತೆ ದಾಟಿಸಿ ನದಿಯತ್ತ ಅಟ್ಟುತ್ತಿರುವ ಕೌಬಾಯ್, ಈ ಕಾಲದಲ್ಲೂ ಇದೇ ಪಾಡು, ನನ್ನ ಮಕ್ಕಳು ಈ ಕೆಲಸ ಯಾಕೆ ಮಾಡ್ತಾರೆ ಅಂತ ಗೊಣಗುತ್ತಾನೆ. ತಾತ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಪ್ಪನ ಹೊಲ ಈಗ ಯಾರು ನೋಡ್ಕೊಳ್ತಾರೆ?" ಅಂದರು.

ಚಿಕ್ಕಪ್ಪನ ಮಗ ಅಂದೆ. ಅವನ ಮಗಳೂ ಕೆನಡಾಕ್ಕೆ ಅರ್ಜಿ ಹಾಕಿದ್ದಾಳೆ ಅನ್ನುವುದನ್ನು ಹೇಳಲಿಲ್ಲ.

ನಮ್ಮೂರು ರಾಮನಗರದ ಪಕ್ಕ. ನಮಗೆ ವೆಸ್ಟರ್ನ್, ಅಂದರೆ ಕೌಬಾಯ್ ಸಿನಿಮಾ, ಅಂದರೆ 1975ರ 'ಶೋಲೆ'. ಅದರ ಶೂಟಿಂಗ್ ನೋಡಲು ಅಪ್ಪ ಸೈಕಲ್ ತುಳಿದುಕೊಂಡು ಹೋಗಿದ್ದರಂತೆ. ಬಂಡೆ, ಕುದುರೆ, ಬಂದೂಕು, ಕೊನೆಗೆ ಕೈಗೆ ಸಿಗುವ ಡಕಾಯಿತ. ಇಂದಿನ ಕಾಲದ ಕಥೆ ಹೇಳುವ ನಿಯೋ-ವೆಸ್ಟರ್ನ್ ಚಿತ್ರಗಳಲ್ಲಿ ಬಯಲು, ಆಕಾಶ, ಟೋಪಿ ಎಲ್ಲ ಹಾಗೇ ಇವೆ. ಕುದುರೆಯ ಜಾಗಕ್ಕೆ ನಗ್ಗಿದ ಪಿಕಪ್ ಟ್ರಕ್ ಬಂದಿದೆ. ಕಾನೂನಿನ ಮನುಷ್ಯ ರಿಟೈರ್‌ಮೆಂಟ್ ಹೊಸ್ತಿಲಲ್ಲಿರುತ್ತಾನೆ, ಸದಾ ಒಂದು ಹೆಜ್ಜೆ ತಡ. 2007ರ 'ನೋ ಕಂಟ್ರಿ ಫಾರ್ ಓಲ್ಡ್ ಮೆನ್'ನಲ್ಲಂತೂ ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ನಾಯಕ ಅಂದುಕೊಂಡವನು ಸಾಯುವುದನ್ನೂ ತೋರಿಸುವುದಿಲ್ಲ; ಹೆಣ ಮಾತ್ರ ಕಾಣುತ್ತದೆ. ಶಿಳ್ಳೆ ಹೊಡೆಯಲು ಕಾದು ಕೂತವನಿಗೆ ಎಂಥ ಮೋಸ!

ಆದರೆ ನನಗೆ ನಾಟಿದ್ದು ವಿಲನ್ ವಿಷಯ. ತಾತನ ಜೊತೆ ನೋಡಿದ ಚಿತ್ರದಲ್ಲಿ ವಿಲನ್ ಒಂದು ಬ್ಯಾಂಕು. ತಾಯಿ ಅಡವಿಟ್ಟ ಜಮೀನು ಅದರ ಬಾಯಿಗೆ ಬೀಳಲಿದೆ, ನೆಲದಡಿ ಎಣ್ಣೆ ಬೇರೆ ಸಿಕ್ಕಿದೆ. ಅಣ್ಣತಮ್ಮಂದಿರು ಅದೇ ಬ್ಯಾಂಕಿನ ಶಾಖೆಗಳನ್ನು ದೋಚಿ ಅದೇ ಹಣದಲ್ಲಿ ಸಾಲ ತೀರಿಸಲು ಹೊರಡುತ್ತಾರೆ. ಬೆನ್ನಟ್ಟುವ ಇಬ್ಬರು ರೇಂಜರ್ ಪೊಲೀಸರಲ್ಲಿ ಒಬ್ಬ ಕೊಮಾಂಚಿ ಅನ್ನುವ ಅಮೆರಿಕದ ಮೂಲನಿವಾಸಿ ಬುಡಕಟ್ಟಿನ ಮೂಲದವನು. ಈ ನೆಲವೆಲ್ಲ ನಮ್ಮ ಹಿರಿಯರದಾಗಿತ್ತು, ನಿಮ್ಮವರು ಕಿತ್ತುಕೊಂಡರು, ಈಗ ಅವರ ಮೊಮ್ಮಕ್ಕಳಿಂದ ಬ್ಯಾಂಕು ಕಿತ್ತುಕೊಳ್ಳುತ್ತಿದೆ ಅನ್ನುತ್ತಾನೆ. ಹಳೆಯ ವೆಸ್ಟರ್ನ್‌ಗಳಲ್ಲಿ ಅಂಥವನ ಕೈಗೆ ಬಿಲ್ಲು ಕೊಟ್ಟು, ಕಿರುಚಿಸಿ, ಕುದುರೆಯಿಂದ ಬೀಳಿಸುತ್ತಿದ್ದರು.

ನಮ್ಮ ಸಿನಿಮಾಗಳಲ್ಲಿ ಸಾಹುಕಾರ ಇರುತ್ತಾನೆ. ಹೀರೋ ಅವನ ಕಪಾಳಕ್ಕೆ ಬಾರಿಸಿ ಸಾಲದ ಪತ್ರ ಹರಿದರೆ ಕಥೆ ಮುಗಿಯಿತು. ನಮ್ಮನೆಗೆ ಬಂದದ್ದು ಬ್ಯಾಂಕಿನ ರಿಜಿಸ್ಟರ್ಡ್ ಪೋಸ್ಟ್. ರೇಷ್ಮೆ ಗೂಡಿನ ರೇಟು ಬಿದ್ದ ವರ್ಷ. ಮ್ಯಾನೇಜರ್ ಒಳ್ಳೆಯ ಹುಡುಗ, ಅಪ್ಪನಿಗೆ ಕುರ್ಚಿ ಹಾಕಿ "ನನ್ನ ಕೈಲಿ ಏನೂ ಇಲ್ಲ ಯಜಮಾನ್ರೇ" ಅಂದನಂತೆ. ನಿಜವೇ ಇರಬೇಕು. ಅಪ್ಪ ವಾಪಸು ಬಂದು, ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರಿತು ಅಂತ ನಮ್ಮನ್ನೇ ಬೈದರು. ಆಮೇಲೆ ಜಗಲಿಯಲ್ಲಿ ಕೂತು ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರಿಗೆ ಅಂಟಿದ್ದ ಹಳೇ ರೇಷ್ಮೆ ಎಳೆಗಳನ್ನು ಉಗುರಿನಿಂದ ಕೆರೆಯುತ್ತಾ ಇದ್ದರು. ಬೈಯಲು ಅವರಿಗೆ ಬೇರೆ ಯಾರೂ ಸಿಕ್ಕಿರಲಿಲ್ಲ.

ರಾಮನಗರದ ಬಂಡೆಗಳು ಈಗಲೂ ಅಲ್ಲೇ ಇವೆ. ಹೆಲ್ಮೆಟ್ ಹಾಕಿಕೊಂಡು ಬೈಕಲ್ಲಿ ಬರುವ ರಿಕವರಿ ಹುಡುಗನನ್ನು ಅವುಗಳ ಕೆಳಗೆ ನಿಲ್ಲಿಸಿ ಯಾರಾದರೂ ಒಂದು ಕನ್ನಡ ಚಿತ್ರ ಮಾಡಿ ಸ್ವಾಮಿ. ಫೈಟ್ ಮಾತ್ರ ಇಡಬೇಡಿ.