ಜಗಳಗಂಟ ಅಣ್ಣನ ಪಾತ್ರ

ವಕೀಲರಿಗೆ ಜಗಳ ಆಡೋದನ್ನ ಯಾರೂ ಕಲಿಸಬೇಕಿಲ್ಲ. ವಿಜಯಪುರದಲ್ಲಿ ನಡೆದ ಮಧ್ಯಸ್ಥಿಕೆ ತರಬೇತಿಯಲ್ಲಿ ನನಗೆ ಸಿಕ್ಕಿದ್ದೂ ಜಗಳಗಂಟ ಅಣ್ಣನ ಪಾತ್ರವೇ. 40 ಗಂಟೆಯ ತರಬೇತಿ ಅದು. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 89ನೇ ಕಲಂ, 2023ರ ಮಧ್ಯಸ್ಥಿಕೆ ಕಾಯ್ದೆ ಎಲ್ಲಾ ಬೇಗ ಮುಗಿದವು. ಅಸಲಿ ಪಾಠ ಶುರುವಾಗಿದ್ದು ಪಾತ್ರ ಹಂಚಿದ ಮೇಲೆ.

ಕೇಸು ನಮ್ಮ ಕಡೆಯದ್ದೇ. ತಿಕೋಟಾ ಭಾಗದ ದ್ರಾಕ್ಷಿ ತೋಟ, ಅಣ್ಣತಮ್ಮಂದಿರಿಗೆ ಒಂದೇ ಬೋರು. ಅಣ್ಣ ಪೈಪು ಕಿತ್ತು ಹಾಕಿದ್ದಾನೆ, ತಮ್ಮ ದಾವೆ ಹೂಡಿದ್ದಾನೆ. ಇಬ್ಬರಿಗೂ ಬೇರೆ ಬೇರೆ ಚೀಟಿ. ಒಬ್ಬರದನ್ನು ಇನ್ನೊಬ್ಬರು ನೋಡುವಂತಿಲ್ಲ. ನನ್ನ ಚೀಟಿಯ ಕೊನೆಗೆ ಒಂದು ಸಾಲಿತ್ತು: ‘ತಮ್ಮನ ಮಗಳ ಲಗ್ನಪತ್ರಿಕೆಯಲ್ಲಿ ನಿಮ್ಮ ಹೆಸರು ಹಾಕಿಸಿರಲಿಲ್ಲ. ಇದನ್ನು ನೀವಾಗಿಯೇ ಹೇಳಬೇಡಿ.’

ನಾನು ಮೇಜು ಗುದ್ದಿದೆ. “ನಮ್ಮಪ್ಪ ಕೊರೆಸಿದ ಬೋರು ಇದು, ಒಂದ್ ಹನಿ ನೀರ ಕೊಡಂಗಿಲ್ಲ!” ತಮ್ಮನಾಗಿದ್ದ ಮುದ್ದೇಬಿಹಾಳದ ವಕೀಲರೂ ಬಿಡಲಿಲ್ಲ. ‘ಸಮಾಧಾನ ಮಾಡ್ಕೋರಿ’ ಅಂತಾರೆ, ಆಗ ಇನ್ನೂ ಜೋರು ಮಾಡೋಣ ಅಂತ ಕಾಯ್ತಿದ್ದೆ. ಮಧ್ಯಸ್ಥಿಕೆಗೆ ಕೂತಿದ್ದ ಕಿರಿಯ ವಕೀಲೆ ಹಾಗೆ ಅನ್ನಲೇ ಇಲ್ಲ. ಪೆನ್ನು ಕೆಳಗಿಟ್ಟು, ನಾನು ಉಸಿರು ತಗೊಳ್ಳೋವರೆಗೂ ಸುಮ್ನೆ ಕೂತರು.

“ಅಣ್ಣಾರ, ಅಪ್ಪಾರು ಕೊರೆಸಿದ ಬೋರಿನ ವಿಚಾರದಾಗ ನಿಮ್ಮನ್ನ ಒಂದ್ ಮಾತೂ ಕೇಳಲಿಲ್ಲ ಅಂತ ನಿಮಗ ಬ್ಯಾಸರ ಐತಿ. ಹೌದಲ್ರಿ?”

ನನ್ನ ಮಾತೇ, ಮುಳ್ಳು ಮಾತ್ರ ತೆಗೆದಿದ್ದರು. ಹೌದು ಅನ್ನಲೇಬೇಕಾಯ್ತು. ಹೌದು ಅಂದವರಿಗೆ ಮತ್ತೆ ಮೇಜು ಗುದ್ದೋಕೆ ಕೈ ಬರಲ್ಲ, ಅಲ್ವಾ?

ಆಮೇಲೆ ನನ್ನೊಬ್ಬನನ್ನೇ ಕರೆದು ಕೂರಿಸಿದರು. ಬೋರಿನ ಸುದ್ದಿ ಎತ್ತಲಿಲ್ಲ. “ಮೊದಲ ಹೆಂಗಿದ್ರಿ ಇಬ್ರೂ?” ಅಂದರು. ಲಗ್ನಪತ್ರಿಕೆ ಹೊರಗೆ ಬಂತು. “ಇದನ್ನ ತಮ್ಮಾರ ಮುಂದ ಹೇಳ್ಲೇನ್ರಿ?” ಎಂದು ಕೇಳಿದರು. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ, ಈ ಕೆಲಸದ ಕಟ್ಟಳೆ ಅದು. ಹೇಳ್ರಿ ಅಂದೆ.

ತಮ್ಮನ ಚೀಟಿಯಲ್ಲಿ ಏನಿತ್ತು ಅನ್ನೋದು ಆಗ ಗೊತ್ತಾಯ್ತು. ಪತ್ರಿಕೆ ಅಚ್ಚಿಗೆ ಕೊಡೋ ಮುಂಚೆ ಅಣ್ಣನನ್ನು ಕೇಳೋಕೆ ಮನೆಗೇ ಬಂದಿದ್ದನಂತೆ, ಅಣ್ಣ ಬಾಗಿಲೇ ತೆಗೆದಿರಲಿಲ್ಲ. ನೀರಿನ ಪಾಳಿ ದಿನ ಬಿಟ್ಟು ದಿನ ಅಂತ ಒಪ್ಪಂದ ಬರೆಯೋಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೋಟಾರು ಸುಟ್ಟರೆ ರಿಪೇರಿ ಖರ್ಚು ಯಾರದ್ದು ಅನ್ನೋದಕ್ಕೇ ಜಾಸ್ತಿ ಎಳೆದಾಡಿದೆವು.