ಓವನ್ ಒಳಗಿನ ನೈಲಾನ್ ಬುಷ್

ಕಾರ್ಖಾನೆಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ಬೆಳಿಗ್ಗೆ ಲೈನ್ ಚೆನ್ನಾಗಿ ಓಡುತ್ತೆ ಸರ್. ಮಧ್ಯಾಹ್ನದ ಹೊತ್ತಿಗೆ ರೋಲರ್‌ಗಳು ಹಿಡ್ಕೊಳ್ಳುತ್ವೆ. ರಾತ್ರಿ ಆಫ್ ಮಾಡಿ ತಣ್ಣಗಾದ ಮೇಲೆ ಕೈಯಲ್ಲಿ ತಿರುಗಿಸಿದ್ರೆ ಮತ್ತೆ ಸರಾಗ." ಹೀಗೆ ಹೊತ್ತು ನೋಡಿ ಬರುವ ತೊಂದರೆ ಅಂದರೆ ನನ್ನ ಅನುಮಾನ ಮೊದಲು ಹೋಗೋದು ಬಿಸಿಯ ಕಡೆಗೇ.

ಅದು ಪೇಂಟ್ ಒಣಗಿಸುವ ಓವನ್. ಒಳಗೆ ಸುಮಾರು 120 ಡಿಗ್ರಿ. ಮೊದಲು ರೋಲರ್‌ಗಳಲ್ಲಿ ಕಂಚಿನ ಬುಷ್ ಇತ್ತಂತೆ, ಅಂದರೆ ಶಾಫ್ಟ್ ಸುತ್ತ ಕೂರುವ ಕೊಳವೆಯಂಥ ತುಂಡು. ಬಿಸಿಗೆ ಗ್ರೀಸ್ ಕರಗಿ ಪೇಂಟ್ ಮೇಲೆ ತೊಟ್ಟಿಕ್ಕುತ್ತಿತ್ತು. ಹಾಗಾಗಿ ಗ್ರೀಸ್ ಬೇಡದ ಬಿಳಿ ನೈಲಾನ್ 66 ಹಾಕಿದ್ದರು. ಯೋಚನೆ ಕೆಟ್ಟದ್ದೇನಲ್ಲ. ಮೆಂಟೆನೆನ್ಸ್ ನೋಡಿಕೊಳ್ಳುವವರು ಡೇಟಾಶೀಟ್ ತೆಗೆದು ತೋರಿಸಿದರು. "ಮೆಲ್ಟಿಂಗ್ ಪಾಯಿಂಟ್ 260 ಡಿಗ್ರಿ ಇದೆಯಲ್ಲ ಸರ್. ನಮ್ಮದು ಅರ್ಧವೂ ಇಲ್ಲ."

ಈ 260 ಎಷ್ಟು ಜನರನ್ನು ದಾರಿ ತಪ್ಪಿಸಿದೆಯೋ! ಇನ್ನೊಂದು ಬಗೆಯ ನೈಲಾನ್, ನೈಲಾನ್ 6 ಆದರೆ 220. ಎರಡೂ ಸರಿಯಾದ ಅಂಕಿಗಳೇ. ಆದರೆ ಕರಗುವುದಕ್ಕೆ ಬಹಳ ಮೊದಲೇ ಅದು ಸಡಿಲವಾಗುತ್ತದೆ. ಚೆನ್ನಾಗಿ ಒಣಗಿದ ನೈಲಾನ್ 66 ಕೂಡ 60-70 ಡಿಗ್ರಿಯ ಆಸುಪಾಸಿನಲ್ಲಿ ಬಿಗಿ ಕಳೆದುಕೊಳ್ಳಲು ಶುರು ಮಾಡುತ್ತದೆ. ತೇವ ಹೀರಿದ್ದರೆ ಇನ್ನೂ ಬೇಗ.

ಇಲ್ಲಿ ಅದಕ್ಕಿಂತ ಮುಖ್ಯವಾದದ್ದು ಹಿಗ್ಗುವಿಕೆ. 100 ಮಿ.ಮೀ. ಉದ್ದದ ಸಾದಾ ನೈಲಾನ್ ತುಂಡನ್ನು 80 ಡಿಗ್ರಿಯಷ್ಟು ಜಾಸ್ತಿ ಬಿಸಿ ಮಾಡಿ. ಹೆಚ್ಚುಕಡಿಮೆ 0.7 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಸ್ಟೀಲ್ 0.1 ಕೂಡ ದಾಟುವುದಿಲ್ಲ. ಬುಷ್ ಕೂತಿರುವುದು ಸ್ಟೀಲ್ ರೋಲರ್ ಒಳಗೆ, ಬಿಗಿಯಾಗಿ. ಹೊರಗೆ ಹಿಗ್ಗಲು ಜಾಗ ಇಲ್ಲ, ಅಲ್ವಾ? ಒಳಗೇ ಬರುತ್ತದೆ. ತೂತು ಕಿರಿದಾಗಿ ಶಾಫ್ಟನ್ನು ಹಿಡಿಯುತ್ತದೆ. ಕಂಚಿನ ಬುಷ್‌ಗೆ ಬಿಟ್ಟಿದ್ದ ಕ್ಲಿಯರೆನ್ಸನ್ನೇ (ಶಾಫ್ಟಿಗೂ ತೂತಿಗೂ ನಡುವಿನ ಸಂದು) ಇದಕ್ಕೂ ಬಿಟ್ಟಿದ್ದರು, ಅದು ಸಾಕಾಗುವ ಮಾತೇ ಇಲ್ಲ.

ಹಾಗಾದರೆ ತೂತನ್ನು ಇನ್ನಷ್ಟು ಬೋರ್ ಮಾಡಿದರೆ ಆಯ್ತಲ್ಲ ಅಂತ ಲೇಥ್ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಉತ್ತರ ಕಸದ ಡಬ್ಬಿಯಲ್ಲಿತ್ತು. ಬಿಚ್ಚಿ ಎಸೆದಿದ್ದ ಹಳೇ ಬುಷ್‌ಗಳು ಬೀಡಿ ಎಲೆಯಷ್ಟು ಕಂದು. ಒಂದನ್ನು ವೈಸ್‌ನಲ್ಲಿ ಹಿಡಿದು ಒತ್ತಿದೆ. ಹೊಸ ನೈಲಾನ್ ಆಗಿದ್ದರೆ ಚಪ್ಪಟೆಯಾಗುತ್ತಿತ್ತು. ಇದು ಟಕ್ ಅಂತ ಮುರಿಯಿತು. ಮುರಿದ ಕಡೆ ನೋಡಿದರೆ ಮೇಲ್ಮೈಯಲ್ಲಿ ತೆಳುವಾದ ಕಂದು ಸಿಪ್ಪೆ, ಒಳಗೆ ಇನ್ನೂ ಕೆನೆ ಬಣ್ಣ. ಬಿಸಿಯಲ್ಲಿ ಗಾಳಿಯ ಆಮ್ಲಜನಕ ಹೊರಗಿನಿಂದ ಒಳಕ್ಕೆ ನೈಲಾನನ್ನು ತಿನ್ನುತ್ತಾ ಬರುತ್ತದೆ. ಮೊದಲ ಬಿರುಕು ಹುಟ್ಟುವುದು ಆ ಸಿಪ್ಪೆಯಲ್ಲೇ.

ಇನ್ನು ಕೆಲವು ಬುಷ್ ಮುರಿದಿರಲಿಲ್ಲ, ತಣ್ಣಗಾದಾಗ ರೋಲರ್‌ನಿಂದ ಜಾರಿ ಬಿದ್ದಿದ್ದವು. ಬಿಸಿಯಲ್ಲಿ ಒತ್ತಡಕ್ಕೆ ಸಿಕ್ಕ ನೈಲಾನ್ ನಿಧಾನಕ್ಕೆ ಹೊಸ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ. ಜೊತೆಗೆ ಒಳಗಿದ್ದ ತೇವ ಒಣಗಿ ನೈಲಾನ್ ಕುಗ್ಗುತ್ತದೆ. ತಣ್ಣಗಾದ ಮೇಲೆ ಹಿಡಿತ ಉಳಿಯುವುದಿಲ್ಲ. ಬೋರ್ ದೊಡ್ಡದು ಮಾಡಿದರೆ ಇವೆರಡೂ ನಿಲ್ಲುತ್ತವೆಯೇ?

ಮುಂದಿನ ಸಲಹೆ ಗ್ಲಾಸ್ ಫಿಲ್ಡ್ ನೈಲಾನ್. ಶೇ 30 ಗಾಜಿನ ನಾರು ಸೇರಿದ ನೈಲಾನ್ 66 ಭಾರದಡಿ ಬಾಗಲು ಸುಮಾರು 250 ಡಿಗ್ರಿ ಬೇಕು. ಅದೇ ಒತ್ತಡದಲ್ಲಿ ಸಾದಾ ನೈಲಾನ್ 66 ಬಾಗುವುದು 70-75ರಲ್ಲಿ. ಅಂಕಿ ನೋಡಿ ಎಲ್ಲರ ಮುಖ ಅರಳಿತು. ಆದರೆ ಅದು ಸ್ವಲ್ಪ ಹೊತ್ತಿನ ಪರೀಕ್ಷೆ. ವರ್ಷಗಟ್ಟಲೆ ಓವನ್‌ನಲ್ಲಿ ಕೂರುವ ಪಾರ್ಟಿಗೆ ಅದನ್ನು ನಂಬಿ ಕೂರಬಾರದು. ಹೀಟ್ ಸ್ಟೆಬಿಲೈಸ್ಡ್ ಗ್ರೇಡೇ ಬೇಕು, ಅಂದರೆ ಬಿಸಿ ಗಾಳಿಗೆ ಬೇಗ ಹಾಳಾಗದಂತೆ ಮಾಡಿದ್ದು. ತಾಮ್ರದ ಲವಣ ಸೇರಿಸುವುದು ಇದರ ಹಳೇ ವಿಧಾನ. ಇನ್ನೊಂದು ತಲೆನೋವು, ಗಾಜಿನ ನಾರು ತಿರುಗುವ ಜಾಗದಲ್ಲಿ ಮೆತ್ತನೆಯ ಶಾಫ್ಟನ್ನು ಉಜ್ಜಿ ಸವೆಸುತ್ತದೆ.

ಕೊನೆಗೆ ಕೆಲಸ ಹಂಚಿಕೊಟ್ಟೆವು. ಓವನ್‌ನಲ್ಲಿ ಅಲುಗಾಡದೆ ಕೂರುವ ಬ್ರಾಕೆಟ್‌ಗಳಿಗೆ ಹೀಟ್ ಸ್ಟೆಬಿಲೈಸ್ಡ್ ಗ್ಲಾಸ್ ಫಿಲ್ಡ್ 66. ರೋಲರ್ ಬುಷ್‌ಗೆ ನೈಲಾನೇ ಬೇಡ, ಗ್ರಾಫೈಟ್ ತುಂಬಿದ ಕಂಚು. ಅದಕ್ಕೆ ಗ್ರೀಸ್ ಬೇಕಿಲ್ಲ, ಪೇಂಟ್ ಮೇಲೆ ತೊಟ್ಟಿಕ್ಕುವ ಮಾತೂ ಇಲ್ಲ.

"ಹಾಗಾದ್ರೆ ಕೋಲ್ಡ್ ರೂಮಿಗೂ ಈ ಗ್ಲಾಸ್ ಫಿಲ್ಡನ್ನೇ ತರಿಸಿಬಿಡ್ಲಾ ಸರ್?" ಅಂದರು ಸ್ಟೋರ್ಸಿನವರು. ಬೇಡ ಅಂದೆ. ಅಲ್ಲಿ ಪೆಟ್ಟು ತಿನ್ನುವ ಪಾರ್ಟುಗಳಿಗೆ ನೈಲಾನ್ 12 ನೋಡಿ. ತೇವ ಕಡಿಮೆ ಹೀರುತ್ತದೆ, ಚಳಿಯಲ್ಲೂ ಗಟ್ಟಿಮುಟ್ಟು. ಲಾರಿಗಳ ಏರ್ ಬ್ರೇಕ್ ಪೈಪಿಗೆ ಅದನ್ನು ಬಳಸುವುದು ಸುಮ್ನೆ ಅಲ್ಲ.

ಉಳಿದ ಬಿಳಿ ರಾಡುಗಳನ್ನು ಏನು ಮಾಡೋದು ಅನ್ನುವುದು ಅವರ ಮುಂದಿನ ಚಿಂತೆ. ಪ್ಯಾಕಿಂಗ್ ಸೆಕ್ಷನ್ನಿನಲ್ಲಿ ಬಿಸಿಯೂ ಇಲ್ಲ, ಚಳಿಯೂ ಇಲ್ಲ. ಅಲ್ಲಿನ ರೋಲರ್‌ಗಳಿಗೆ ಅವು ಧಾರಾಳವಾಗಿ ಸಾಕು ಅಂತ ಬರೆದುಕೊಟ್ಟೆ, ಕ್ಲಿಯರೆನ್ಸ್ ಎಷ್ಟಿರಬೇಕು ಅನ್ನುವುದನ್ನೂ ಸೇರಿಸಿ.